ಕೆಂಪು ದಾರದ ಜೋಡಿ

ಬಾಕ್ಸಿಂಗ್ ಶಾಲೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಗ್ಲೌಸ್ ಹೊಲಿಯುವ ಹೆಂಗಸನ್ನು ಎಲ್ಲರೂ ದಬ್ಬಳದಕ್ಕ ಎಂದೇ ಕರೆಯುತ್ತಿದ್ದರು. ಚರ್ಮ ಹೊಲಿಯುವ ದಪ್ಪ ದಬ್ಬಳ ಅವಳ ಕೈ ಬಿಟ್ಟಿದ್ದೇ ಇಲ್ಲ. ಮಾತೂ ಹೆಚ್ಚುಕಡಿಮೆ ಅದೇ ಮೊನೆಯದು. ಹೆಸರಿಟ್ಟವರದ್ದೇನೂ ತಪ್ಪಿರಲಿಲ್ಲ. ಐವತ್ತೆಂಟು ದಾಟಿದ, ಕುಳ್ಳಗೆ ಗುಂಡಗಿದ್ದ ಈ ಹೆಂಗಸು ಹುಟ್ಟಿದಾಗಿನಿಂದ ಯಾರ ಮೇಲೂ ಕೈ ಎತ್ತಿದವಳಲ್ಲ. ಆದರೆ ಮಹಡಿಯ ಮೇಲಿನ ರಿಂಗ್‌ನಲ್ಲಿ ಯಾರು ಯಾವ ಗ್ಲೌಸ್ ತೊಟ್ಟು ಇನ್ನೊಬ್ಬರಿಗೆ ಹೊಡೆಯಬೇಕು ಎನ್ನುವುದನ್ನು ಮೂವತ್ತು ವರ್ಷಗಳಿಂದ ತೀರ್ಮಾನಿಸುತ್ತಿದ್ದವಳು ಅವಳೇ.

ಕೋಣೆಗೆ ಕಿಟಕಿಯಿಲ್ಲ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಒಂದು ಟ್ಯೂಬ್‌ಲೈಟು, ಬೆವರೂ ಚರ್ಮದ ಎಣ್ಣೆಯೂ ಕಲೆತ ವಾಸನೆ. ಒಳಗೆ ಬಂದ ಹೊಸಬರು ಮೂಗು ಮುಚ್ಚಿಕೊಂಡರೆ ಅವಳಿಗೆ ಎಲ್ಲಿಲ್ಲದ ಕೋಪ ಬರುತ್ತಿತ್ತು. ಗೋಡೆಯ ತುಂಬ ಮೊಳೆ, ಮೊಳೆಗೊಂದು ಜೋಡಿ. ಮಣಿಕಟ್ಟಿನ ಪಟ್ಟಿಯಲ್ಲಿ ಬಿಳಿ ದಾರ ಹೊಲಿದಿದ್ದರೆ ಅದು ಪಂಚಿಂಗ್ ಬ್ಯಾಗಿಗೆ: ಹತ್ತು, ಹನ್ನೆರಡು ಔನ್ಸಿನದು, ಒಳಗೆ ಗಟ್ಟಿ ಪದರದ್ದು, ಹೊಡೆಯುವವರ ಕೈ ಕಾಯುವಂಥದ್ದು. ಕೆಂಪು ದಾರವಿದ್ದರೆ ಸ್ಪಾರಿಂಗ್‌ಗೆ, ಅಂದರೆ ರಿಂಗಿನಲ್ಲಿ ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಅಭ್ಯಾಸಕ್ಕೆ: ಹದಿನಾರು ಔನ್ಸಿನದು, ಮೆತ್ತನೆಯದು, ಹೊಡೆಸಿಕೊಳ್ಳುವವರ ಮುಖ ಕಾಯುವಂಥದ್ದು. "ಬ್ಯಾಗಿಗೆ ನೋವಾಗಲ್ಲ, ಮನುಷ್ಯರಿಗೆ ಆಗತ್ತೆ. ಇಷ್ಟು ತಲೆಗೆ ಹೋದ್ರೆ ಸಾಕು," ಎಂದು ಸೇರಲು ಬಂದವರಿಗೆಲ್ಲ ಹೇಳುತ್ತಿದ್ದಳು. ಕೆಂಪು ದಾರದ್ದನ್ನು ತೊಟ್ಟು ಬ್ಯಾಗ್ ಮುಟ್ಟುವಂತಿಲ್ಲ, ಬಿಳಿ ದಾರದ್ದನ್ನು ತೊಟ್ಟು ರಿಂಗಿನ ಹಗ್ಗ ದಾಟುವಂತಿಲ್ಲ. ಮೆತ್ತನೆಯ ಗ್ಲೌಸಿನಲ್ಲಿ ದಿನಾ ಬ್ಯಾಗ್ ಗುದ್ದಿದರೆ ಫೋಮ್ ಗೆಣ್ಣುಗಳ ಕೆಳಗೆ ಪುಡಿಯಾಗಿ ಪಕ್ಕಕ್ಕೆ ಸರಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ಗ್ಲೌಸ್ ಗುಂಡಗೆ ಹೊಳೆಯುತ್ತಲೇ ಇರುತ್ತದೆ, ತಕ್ಕಡಿಯಲ್ಲೂ ಹದಿನಾರೇ ತೂಗುತ್ತದೆ. ಹೊಡೆಯುವವರ ಮೂಳೆಗೂ ಹೊಡೆಸಿಕೊಳ್ಳುವವರ ಮುಖಕ್ಕೂ ನಡುವೆ ಮಾತ್ರ ಬರಿ ಚರ್ಮ ಉಳಿದಿರುತ್ತದೆ. ಅಂಥದ್ದನ್ನು ಅವಳು ಸತ್ತ ಗ್ಲೌಸ್ ಎನ್ನುತ್ತಿದ್ದಳು.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಹಿಂದೆ ಅವಳು ಶಾಲಾಮಕ್ಕಳ ಚೀಲ ಹೊಲಿಯುವ ಕಾರ್ಖಾನೆಯಲ್ಲಿದ್ದಾಗ ತಮ್ಮ ಇಲ್ಲಿ ಬಾಕ್ಸಿಂಗ್ ಕಲಿಯುತ್ತಿದ್ದ. ಒಂದು ಬೆಳಿಗ್ಗೆ ಯಾರೋ ಆತುರದಲ್ಲಿ ಬ್ಯಾಗಿನ ಗ್ಲೌಸ್ ತೊಟ್ಟೇ ರಿಂಗ್ ಹತ್ತಿ ಅವನ ದವಡೆ ಮುರಿದ. ಹೊಡೆದವನಿಗೆ ದ್ವೇಷವೇನೂ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ತೊಟ್ಟಿದ್ದ, ಅಷ್ಟೆ. ಆರು ವಾರ ತಮ್ಮ ಕೊಳವೆಯಲ್ಲಿ ಹಾಲು ಕುಡಿದ. ಇವತ್ತಿಗೂ ಅವನು ಒಂದೇ ಕಡೆ ಅಗಿಯುತ್ತಾನೆ. ಅವನು ಆಟ ಬಿಟ್ಟು ಲಾರಿ ಹತ್ತಿದ, ಅಕ್ಕ ಕಾರ್ಖಾನೆ ಬಿಟ್ಟು ಈ ಮೆಟ್ಟಿಲ ಕೆಳಗೆ ಬಂದು ಕೂತಳು. ತಾಯಿಯಿಲ್ಲದ ಅವನ ಮಗಳು ಆರು ವರ್ಷದವಳಿದ್ದಾಗಿನಿಂದ ಬೆಳೆದದ್ದು ಈ ಅತ್ತೆಯ ಮಡಿಲಲ್ಲೇ. ಸಣಕಲು ಮೈಯ ಆ ಹುಡುಗಿಗೆ ಕಡ್ಡಿ ಎಂದು ಹೆಸರು ಬಿತ್ತು. ಬೇಡ ಬೇಡ ಎಂದರೂ ಕೇಳದೆ ಹನ್ನೆರಡಕ್ಕೇ ಮಹಡಿ ಹತ್ತಿದಳು. ಈಗ ಹತ್ತೊಂಬತ್ತು.

ಸತ್ತದ್ದು ಯಾವುದು, ಬದುಕಿರುವುದು ಯಾವುದು ಎಂದು ಹೇಳಲು ದಬ್ಬಳದಕ್ಕನ ಬಳಿ ಇದ್ದ ಉಪಕರಣ ಒಂದೇ, ಬಲಗೈ ಹೆಬ್ಬೆರಳು. ನಾಲ್ಕು ಗೆಣ್ಣು ಕೂರುವ ಜಾಗದಲ್ಲಿ ಒಂದೊಂದಾಗಿ ಒತ್ತುತ್ತಿದ್ದಳು. ಫೋಮ್ ಎದ್ದು ಬೆರಳನ್ನು ವಾಪಸು ತಳ್ಳಿದರೆ ಸರಿ. ತಳ್ಳದೆ ಬಿದ್ದುಕೊಂಡಿದ್ದರೆ ಹೊಲಿಗೆ ಬಿಚ್ಚಿ ಹೊಸದು ತುಂಬಬೇಕು. ಅವಳು ಒತ್ತಿ ಮೊಳೆಗೆ ಹಾಕಿದ ಜೋಡಿಯನ್ನು ಇನ್ನೊಮ್ಮೆ ನೋಡುವ ಅಭ್ಯಾಸ ಶಾಲೆಯಲ್ಲಿ ಯಾರಿಗೂ ಇರಲಿಲ್ಲ. ಬಾಕ್ಸಿಂಗ್ ಹೇಳಿಕೊಡುವ ಮೇಷ್ಟ್ರಂತೂ "ಅಕ್ಕ ಒತ್ತಿದ್ದಾರಾ?" ಎಂದಷ್ಟೇ ಕೇಳುತ್ತಿದ್ದರು.

ಆ ಹೆಬ್ಬೆರಳು ಮರಗಟ್ಟಿ ಒಂದು ವರ್ಷವಾಗಿತ್ತು. ಇದು ಅವಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಮೊದಲು ಜುಮ್ಮೆನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಡಾಕ್ಟರು ನರ ಎಂದರು, ನಲವತ್ತು ವರ್ಷದ ಹೊಲಿಗೆ ಎಂದರು, ವಾಪಸು ಬರುವ ಭರವಸೆ ಕೊಡಲಾರೆ ಎಂದರು. ಎಡಗೈಯದೂ ಅದೇ ದಾರಿ ಹಿಡಿದಿತ್ತು. ತೋರುಬೆರಳಿನಲ್ಲಿ ಒತ್ತಿ ನೋಡಿದಳು, ಅದಕ್ಕೆ ಆ ವಿದ್ಯೆ ಬರಲಿಲ್ಲ. ಮೇಷ್ಟ್ರಿಗೆ ಹೇಳಬೇಕಿತ್ತು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ವರ್ಷ ತಳ್ಳಿದಳು. ಯಾರ ಗ್ಲೌಸಿಗೆ ಎಷ್ಟು ವಯಸ್ಸು, ಯಾರ ಏಟು ಎಷ್ಟು ಭಾರ, ಯಾವುದಕ್ಕೆ ಯಾವಾಗ ಫೋಮ್ ತುಂಬಿದ್ದು ಎಂಬುದೆಲ್ಲ ತಲೆಯಲ್ಲಿದ್ದುದರಿಂದ ಅಂದಾಜಿನಲ್ಲೇ ದೋಣಿ ಸಾಗುತ್ತಿತ್ತು. ಒತ್ತುವ ಶಾಸ್ತ್ರ ಮಾತ್ರ ಎಲ್ಲರ ಕಣ್ಣಿಗೆ ಕಾಣುವ ಹಾಗೆ ನಡೆಯುತ್ತಿತ್ತು. ಸಿಟ್ಟಿನ ಹೆಂಗಸು, ಸ್ವಾಭಿಮಾನದ ಹೆಂಗಸು. ಈ ಒಂದು ವಿಷಯದಲ್ಲಿ ಮಾತ್ರ ಪುಕ್ಕಲಿ.

ಆ ದಿನ ಬೆಳಿಗ್ಗೆ ದೊಡ್ಡ ತರಬೇತಿ ಶಿಬಿರಕ್ಕೆ ಹೆಸರು ಕಳಿಸಬೇಕಿತ್ತು. ಐವತ್ತೇಳು ಕಿಲೋ ತೂಕದಲ್ಲಿ ಶಾಲೆಗೆ ಒಂದೇ ಜಾಗ, ಹುಡುಗಿಯರು ಇಬ್ಬರು: ಒಬ್ಬಳು ಕಡ್ಡಿ, ಇನ್ನೊಬ್ಬಳು ಬೇಕರಿ ಹುಡುಗಿ. ಮೂರು ನಿಮಿಷದ ಮೂರು ಸುತ್ತು ಸ್ಪಾರಿಂಗ್ ನೋಡಿ ಮೇಷ್ಟ್ರು ತೀರ್ಮಾನಿಸುವುದು ಎಂದಾಗಿತ್ತು. ಕಡ್ಡಿಗೆ ಒಂದು ವಾರದಿಂದ ಊಟ ಸೇರಿರಲಿಲ್ಲ, ಅತ್ತೆಗೆ ನಿದ್ದೆ ಹತ್ತಿರಲಿಲ್ಲ.

ಏಳು ಗಂಟೆಗೇ ಬಂದು ದಬ್ಬಳದಕ್ಕ ಕೆಂಪು ದಾರದ ಜೋಡಿಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಒಂದರ ಒಳ ಅಸ್ತರಿ ಬಿಚ್ಚಿತ್ತು, ಹೊಲಿದಳು. ಹೊಲಿದು ತಿರುಗಿಸಿದರೆ ಬಿಳಿಯ ಅಸ್ತರಿಯ ಮೇಲೆ ರಕ್ತದ ಚುಕ್ಕೆ. ಯಾರದಪ್ಪ ಇದು ಎಂದು ನೋಡಿದಳು. ತನ್ನದೇ. ದಬ್ಬಳ ಹೆಬ್ಬೆರಳಿನೊಳಗೆ ಅಕ್ಕಿಕಾಳಿನಷ್ಟು ಇಳಿದಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಬೆರಳಿಗೆ ಚಿಂದಿ ಸುತ್ತಿಕೊಂಡು, ಅದೇ ಬೆರಳಿನಲ್ಲಿ ಮಿಕ್ಕ ಜೋಡಿಗಳನ್ನೂ ಒತ್ತಿ ಮುಗಿಸಿದಳು.

ಬೇಕರಿ ಹುಡುಗಿ ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದಳು. ಹುಬ್ಬಿನ ಮೇಲೆ ಇನ್ನೂ ಹಿಟ್ಟು ಅಂಟಿತ್ತು. ಅವಳ ಕೈಗೆ ಬಟ್ಟೆಪಟ್ಟಿ ಸುತ್ತಿಸಿ, ಗ್ಲೌಸ್ ತೊಡಿಸಿ, ಮುಷ್ಟಿ ಬಿಗಿ ಹಿಡಿ ಎಂದಳು ದಬ್ಬಳದಕ್ಕ.

"ಬೆರಳ ತುದಿ ತಗಲ್ತಿದೆಯಾ?"

"ಸ್ವಲ್ಪ ತಗಲತ್ತಕ್ಕ."

"ಸ್ವಲ್ಪ ತಗಲ್ಬೇಕು. ಜಾಸ್ತಿ ಸಡಿಲ ಇದ್ರೆ ಮಣಿಕಟ್ಟು ತಿರುಗತ್ತೆ. ಹೆದರಿಕೆ ಆಗ್ತಿದೆಯಾ?"

"ಆಗ್ತಿದೆ," ಎಂದಳು ಹುಡುಗಿ, ಮುಚ್ಚುಮರೆಯಿಲ್ಲದೆ.

ಕಡ್ಡಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಒಳಗೆ ಬಂದವಳೇ ಮೂಲೆಯ ಮೊಳೆಯತ್ತ ಕೈ ಮಾಡಿದಳು. "ಅತ್ತೆ, ನಂಗೆ ಆ ಜೋಡಿ ಕೊಡು. ಕೈಗೆ ಒಗ್ಗಿಹೋಗಿದೆ."

ವಾರಕ್ಕೆರಡು ಸಲ ಸ್ಪಾರಿಂಗ್ ಮಾಡುವವಳಿಗೆ, ಅದೂ ಸಿಕ್ಕಿದ ಜೋಡಿ ತೊಡುವವಳಿಗೆ, ಒಂದೇ ಜೋಡಿ ಹೇಗೆ ಒಗ್ಗಿತು? ಬೇರೆ ದಿನವಾಗಿದ್ದರೆ ದಬ್ಬಳದಕ್ಕ ಈ ಪ್ರಶ್ನೆಯನ್ನು ಕೇಳದೆ ಬಿಡುತ್ತಿರಲಿಲ್ಲ. ಆ ದಿನ ಅವಳ ತಲೆಯ ತುಂಬ ಚಿಂದಿ ಸುತ್ತಿದ ಬೆರಳೇ ಇತ್ತು. ಜೋಡಿಯನ್ನು ತೆಗೆದು ತೊಡಿಸಿ, ಮಣಿಕಟ್ಟಿನ ಅಂಟುಪಟ್ಟಿಯ ಒರಟು ಅಂಚು ಎದುರಿನವಳ ಕಣ್ಣಿಗೆ ಗೀರದಂತೆ ಅದರ ಮೇಲೆ ಟೇಪು ಸುತ್ತಿ, ಬೆನ್ನ ಮೇಲೊಂದು ತಟ್ಟಿ ಕಳಿಸಿದಳು.

ಮೇಲೆ ಗಂಟೆ ಹೊಡೆಯಿತು. ಅವಳು ಹತ್ತಿಹೋಗಲಿಲ್ಲ. ಕಡ್ಡಿ ರಿಂಗಿನಲ್ಲಿದ್ದಾಗ ಅವಳು ನೋಡುವವಳಲ್ಲ. ಕೆಳಗೆ ಕೂತು ಕೇಳುವವಳು. ಮೂವತ್ತು ವರ್ಷದಲ್ಲಿ ಕಿವಿ ಪಳಗಿತ್ತು. ಮರದ ನೆಲದ ಮೇಲೆ ನಾಲ್ಕು ಕಾಲುಗಳ ಸರಸರ, ಮೇಷ್ಟ್ರ ಕೂಗು, ನಡುನಡುವೆ ಏಟು. ಬದುಕಿರುವ ಗ್ಲೌಸ್ ಬಿದ್ದರೆ ದಿಂಬನ್ನು ಬಡಿದ ಹಾಗೆ ಧಪ್ ಎನ್ನುತ್ತದೆ. ಧಪ್, ಧಪ್. ಆಮೇಲೆ ಒಂದು ಟಕ್.

ಸೂಜಿಗೆ ದಾರ ಪೋಣಿಸುತ್ತಿದ್ದ ಅವಳ ಕೈ ನಿಂತಿತು. ಕಾಲಿಗೆ ಹಲಗೆ ತಾಗಿರಬೇಕು ಎಂದುಕೊಂಡಳು. ಮತ್ತೆ ಟಕ್. ಹಲಗೆಯ ಸದ್ದಲ್ಲ ಅದು. ಹಲಗೆಯ ಸದ್ದಾದ ಮೇಲೆ ಯಾರೂ ಹಾಗೆ ಉಸಿರು ಕಳೆದುಕೊಂಡು 'ಹಾ' ಎನ್ನುವುದಿಲ್ಲ.

ಮೊದಲ ಸುತ್ತು ಮುಗಿಯಿತು. ಮೇಷ್ಟ್ರ ದನಿ ಮೆಟ್ಟಿಲಿಳಿದು ಬಂತು: "ಏನಮ್ಮಾ ಕಡ್ಡಿ, ಇವತ್ತು ಕೈಗೆ ಕಬ್ಬಿಣ ಕಟ್ಕೊಂಡು ಬಂದಿದ್ದೀಯಾ? ಭೇಷ್! ಹೀಗೇ ಹೋಗ್ಲಿ!"

ಒಂದು ಗಳಿಗೆ ಅವಳಿಗೆ ಹಿಗ್ಗಾಯಿತು, ಸುಳ್ಳೇಕೆ ಹೇಳಬೇಕು. ತುತ್ತು ತಿನ್ನಿಸಿ, ಜಡೆ ಹೆಣೆದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಬೆಳೆಸಿದ ಮಗು ಗೆಲ್ಲುತ್ತಿದೆ. ಶಿಬಿರ ಸೇರಿದರೆ ಅವಳ ಬದುಕಿಗೊಂದು ದಾರಿ. ಗಳಿಗೆ ಕಳೆಯಿತು, ಆ ಟಕ್ ನೆನಪಾಯಿತು. ಅವಳು ಎದ್ದಳು. ಹದಿನಾಲ್ಕು ಮೆಟ್ಟಿಲು, ಎರಡೂ ಮಂಡಿ ನೋವು. ಆರನೆಯ ಮೆಟ್ಟಿಲಲ್ಲಿದ್ದಾಗ ಎರಡನೆಯ ಸುತ್ತಿನ ಗಂಟೆ ಹೊಡೆಯಿತು.

ಬಾಗಿಲಲ್ಲಿ ನಿಂತು ನೋಡಿದಳು. ಇಬ್ಬರ ತಲೆಗೂ ಹೆಡ್‌ಗಾರ್ಡ್ ಇತ್ತು. ಹೆಡ್‌ಗಾರ್ಡ್ ಕೆನ್ನೆಯ ಮೂಳೆಯನ್ನು ಎಷ್ಟು ಕಾಯುತ್ತದೆ, ದವಡೆಯನ್ನು ಎಷ್ಟು ಬಿಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇಕರಿ ಹುಡುಗಿಯ ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಆದರೂ ಮುಂದೆ ಬರುತ್ತಿದ್ದಳು, ಹೊಡೆಯುತ್ತಿದ್ದಳು, ಅವಳ ಏಟುಗಳು ಧಪ್ ಎಂದು ಕಡ್ಡಿಯ ಮೇಲೆ ಬಿದ್ದು ಸುಮ್ಮನಾಗುತ್ತಿದ್ದವು. ಕಡ್ಡಿಯ ಬಲಗೈ ಹೋಯಿತು. ಟಕ್. ಬೇಕರಿ ಹುಡುಗಿಯ ಮಂಡಿ ಒಮ್ಮೆ ಮಡಚಿ ನೆಟ್ಟಗಾಯಿತು.

ಕಡ್ಡಿಯ ಕೈ ಅವಳಿಗೆ ಗೊತ್ತಿಲ್ಲದ್ದೇ? ಚುರುಕು ಕೈ, ಭಾರದ ಕೈಯಲ್ಲ. ಹೊಡೆಯುತ್ತಿದ್ದದ್ದು ಕೈಯಲ್ಲ, ಗ್ಲೌಸ್. ಬೆಳಿಗ್ಗೆ ತಾನೇ ಒತ್ತಿ, ಸರಿಯಿದೆ ಎಂದು ತೊಡಿಸಿದ ಗ್ಲೌಸ್.

ಸ್ಪಾರಿಂಗ್ ನಡೆಯುವಾಗ ಮೇಷ್ಟ್ರನ್ನು ಬಿಟ್ಟು ಯಾರೂ ಹಗ್ಗ ಮುಟ್ಟುವಂತಿಲ್ಲ. ಅವಳು ಗೋಡೆ ಗಡಿಯಾರ ನೋಡಿದಳು. ಇನ್ನೂ ಒಂದೂವರೆ ನಿಮಿಷ. ಸುಮ್ಮನಿದ್ದರೆ? ಇನ್ನೊಂದು ಸುತ್ತು, ಅಷ್ಟೆ. ಕಡ್ಡಿಯ ಹೆಸರು ಶಿಬಿರಕ್ಕೆ ಹೋಗುತ್ತದೆ, ಜೋಡಿಯನ್ನು ಸಂಜೆ ಸದ್ದಿಲ್ಲದೆ ಬಿಚ್ಚಿ ಹೊಸ ಫೋಮ್ ತುಂಬಿದರಾಯಿತು, ಬೆರಳಿನ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಬಾಯಿ ಬಿಟ್ಟರೆ ಹುಡುಗಿಯ ಗೆಲುವೂ ಹೋಯಿತು, ಮೂವತ್ತು ವರ್ಷದ ಮಾನವೂ ಹೋಯಿತು. ಇದನ್ನೆಲ್ಲ ಅವಳು ಲೆಕ್ಕ ಹಾಕಿದಳು. ಹಾಕಲೇ ಇಲ್ಲ ಎಂದರೆ ಅವಳನ್ನು ದೇವತೆ ಮಾಡಿದಂತಾಗುತ್ತದೆ. ಟಕ್. ಬೇಕರಿ ಹುಡುಗಿ ಹಗ್ಗಕ್ಕೆ ಒರಗಿ, ಊದಿದ ಕೆನ್ನೆಯನ್ನು ಭುಜಕ್ಕೆ ಒತ್ತಿಕೊಂಡಳು. ತಮ್ಮ ಹಾಗೆಯೇ ಒತ್ತಿಕೊಂಡಿದ್ದ, ಆಸ್ಪತ್ರೆಯ ಬೆಂಚಿನ ಮೇಲೆ.

"ನಿಲ್ಸಿ!" ಎಂದು ಕೂಗಿ ದಬ್ಬಳದಕ್ಕ ಹಗ್ಗ ಎತ್ತಿ ಒಳಗೆ ನುಗ್ಗಿದಳು.

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. "ಅಕ್ಕ, ಇದೇನು ನೀವು ಮಾಡ್ತಿರೋದು? ನಿಮ್ಮ ಹುಡುಗೀನೇ ಗೆಲ್ತಿದ್ದಾಳೆ!"

"ಅದಕ್ಕೇ ನಿಲ್ಸಿ ಅಂದಿದ್ದು. ಅವಳ ಗ್ಲೌಸ್ ಸತ್ತಿದೆ ಮೇಷ್ಟ್ರೇ."

"ಬೆಳಿಗ್ಗೆ ನೀವೇ ಒತ್ತಿದ್ದೀರಲ್ಲ?"

ದಬ್ಬಳದಕ್ಕ ಕಡ್ಡಿಯ ಬಲಗೈ ಹಿಡಿದು ಟೇಪು ಹರಿದು ಗ್ಲೌಸ್ ಎಳೆದುಕೊಂಡಳು. ಸೊಂಟದ ಚೀಲದಿಂದ ಬ್ಲೇಡು ತೆಗೆದು ತಾನೇ ಹಾಕಿದ್ದ ಹೊಲಿಗೆಯ ಮೇಲೆ ಎಳೆದಳು. ಚರ್ಮ ಬಾಯಿ ಬಿಟ್ಟಿತು. ಒಳಗಿಂದ ಹಳದಿ ಪುಡಿ ರಿಂಗಿನ ನೆಲಕ್ಕೆ ಸುರಿಯಿತು. ಪದರವನ್ನು ಹೊರಗೆಳೆದು ಬೆಳಕಿಗೆ ಹಿಡಿದಳು: ನಾಲ್ಕು ಗೆಣ್ಣುಗಳ ಜಾಗದಲ್ಲಿ ನಾಲ್ಕು ಗುಳಿ, ಒಂದರ ತಳ ಹರಿದು ಆಚೆಯ ಬೆಳಕು ಕಾಣುತ್ತಿತ್ತು. ಮೇಷ್ಟ್ರು ಅದನ್ನು ಮುಟ್ಟಿ ನೋಡಿದರು. ಅವರ ಮುಖದ ಸಿಟ್ಟು ಇಳಿದು ಬೇರೇನೋ ಬಂತು.

"ಇದು ಸ್ಪಾರಿಂಗ್‌ನಲ್ಲಿ ಹೀಗಾಗಲ್ಲ. ಬ್ಯಾಗ್ ಗುದ್ದಿದ್ದಾರೆ, ತಿಂಗಳುಗಟ್ಟಲೆ," ಎಂದರು. "ಯಾರು?"

ಕಡ್ಡಿಯ ಕಣ್ಣು ನೆಲದ ಹಳದಿ ಪುಡಿಯ ಮೇಲಿತ್ತು. "ನಾನೇ," ಎಂದಳು. "ಮೂರು ತಿಂಗಳಿಂದ. ಅತ್ತೆಯ ಗೊಂಚಲಿಂದ ಬೀಗದಕೈ ತಗೊಂಡು ಬೆಳಿಗ್ಗೆ ಬೇಗ ಬರ್ತಿದ್ದೆ. ಭಾರದ ಗ್ಲೌಸಲ್ಲಿ ಬ್ಯಾಗ್ ಮಾಡಿದ್ರೆ ಆಮೇಲೆ ಕೈ ಹಗುರ ಆಗತ್ತೆ ಅಂತ." ದನಿ ಒಡೆಯಿತು. "ಹಾಳಾಗಿದ್ರೆ ಅತ್ತೆ ಒತ್ತಿ ನೋಡಿದಾಗ ತೆಗೆದು ಹಾಕ್ತಾಳೆ ಅಂದ್ಕೊಂಡೆ. ತೆಗೀಲಿಲ್ಲ. ಹಾಗಾದ್ರೆ ಚೆನ್ನಾಗೇ ಇದೆ ಅಂದ್ಕೊಂಡೆ."

ದಬ್ಬಳದಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡಳು. ತನ್ನನ್ನು ನಂಬಿ ತಪ್ಪು ಮಾಡಿದವಳನ್ನು ಯಾವ ಮುಖ ಹೊತ್ತು ಬೈಯುವುದು?

"ಅವಳದ್ದು ಅರ್ಧ ತಪ್ಪು. ಮಿಕ್ಕಿದ್ದು ನಂದು," ಎಂದಳು. ಬೆರಳಿಗೆ ಸುತ್ತಿದ್ದ ಚಿಂದಿ ಬಿಚ್ಚಿ ತೋರಿಸಿದಳು. "ಈ ಬೆರಳಿಗೆ ಏನೂ ಗೊತ್ತಾಗಲ್ಲ ಮೇಷ್ಟ್ರೇ. ಬೆಳಿಗ್ಗೆ ದಬ್ಬಳ ಇಳಿದ್ರೂ ಗೊತ್ತಾಗ್ಲಿಲ್ಲ. ಒಂದು ವರ್ಷ ಆಯ್ತು. ಒತ್ತೋ ಹಾಗೆ ನಾಟಕ ಮಾಡ್ತಿದ್ದೆ."

ದಬ್ಬಳದಕ್ಕ ಬೇಕರಿ ಹುಡುಗಿಯ ಬಳಿ ಹೋಗಿ, ಅವಳ ಹೆಡ್‌ಗಾರ್ಡ್ ಬಿಚ್ಚಿ, ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದಳು. ಬೆರಳಿಗೆ ತಿಳಿಯದ ಬಿಸಿ ಅಂಗೈಗೆ ತಿಳಿಯಿತು. "ತಪ್ಪಾಯ್ತು ಕಣಮ್ಮ," ಎಂದಳು. ಆ ಹುಡುಗಿ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳುವನ್ನು ಆಗ ಬಿಟ್ಟಳು.

ಆಸ್ಪತ್ರೆಯಲ್ಲಿ ಮೂಳೆ ಸೀಳಿಲ್ಲ ಎಂದರು, ಹತ್ತು ದಿನ ರಿಂಗ್ ಹತ್ತಬೇಡ ಎಂದರು. ಇನ್ನೊಂದು ಸುತ್ತು ನಡೆದಿದ್ದರೆ ಎಂಬ ಮಾತನ್ನು ಯಾರೂ ಆಡಲಿಲ್ಲ. ಅದೇ ಸಂಜೆ ಮೇಷ್ಟ್ರು ಶಿಬಿರಕ್ಕೆ ಕಳಿಸಿದ್ದು ಬೇಕರಿ ಹುಡುಗಿಯ ಹೆಸರನ್ನು. "ಸತ್ತ ಗ್ಲೌಸಿನ ಎದುರು ಎರಡು ಸುತ್ತು ಮುಂದೆ ಮುಂದೆ ಬಂದ್ಳು. ನಾನು ಇನ್ನೇನು ನೋಡ್ಬೇಕು?" ಎಂದು ಕಡ್ಡಿಯ ಎದುರೇ ಕಡ್ಡಿ ಮುರಿದಂತೆ ಹೇಳಿದರು. ದಬ್ಬಳದಕ್ಕನಿಗೆ ಹೇಳಿದ್ದು ಇಷ್ಟೆ: "ಹೊಲಿಗೆ ನಿಮ್ಮದೇ ಅಕ್ಕ. ಒತ್ತಿ ನೋಡೋದು ಇನ್ಮೇಲೆ ನಾನೇ." ಬಿಟ್ಟು ಹೋಗಿ ಎಂದಿದ್ದರೆ ಅವಳಿಗೆ ಇದಕ್ಕಿಂತ ಹಗುರವಾಗುತ್ತಿತ್ತೋ ಏನೋ.

ಕಡ್ಡಿ ಅತ್ತೆಯ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು, ಕರೆದರೆ ತಿರುಗುತ್ತಿರಲಿಲ್ಲ. ತಮ್ಮ ಫೋನಿನಲ್ಲಿ "ಅಕ್ಕಾ, ಇನ್ನೊಂದೇ ಸುತ್ತು ಇತ್ತಂತಲ್ಲ?" ಎಂದ. "ನಿನ್ನ ದವಡೇನ ಕೇಳು," ಎಂದು ಇವಳು ಫೋನಿಟ್ಟಳು. ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತಳು. ಕೆಳಗಿನ ಕೋಣೆಯಲ್ಲಿ ಮೇಷ್ಟ್ರು ದಿನಾ ಬಂದು ಗ್ಲೌಸ್ ಒತ್ತುತ್ತಿದ್ದರು. ಅವರ ಗುದ್ದಿ ಗುದ್ದಿ ಗಟ್ಟಿಯಾದ ಬೆರಳಿಗೆ ಎಲ್ಲವೂ ಮೆತ್ತಗೆ ಕಾಣುತ್ತಿತ್ತು. ಅವಳು ನೋಡುತ್ತ, ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು.

ಹನ್ನೊಂದನೆಯ ದಿನ ಬೇಕರಿ ಹುಡುಗಿ ಶಿಬಿರಕ್ಕೆ ಹೊರಡುವ ಮುಂಚೆ ಕೋಣೆಗೆ ಬಂದಳು. ಕೆನ್ನೆಯ ನೀಲಿ ಹಳದಿಗೆ ತಿರುಗಿತ್ತು. "ಅಕ್ಕ, ಎರಡು ಜೋಡಿ ಬೇಕು. ಬ್ಯಾಗಿಗೊಂದು, ಸ್ಪಾರಿಂಗ್‌ಗೊಂದು."

ಬ್ಯಾಗಿನದು ಸುಲಭ, ಮಣಿಕಟ್ಟು ಬಿಗಿಯಾಗಿದ್ದ ಹನ್ನೆರಡು ಔನ್ಸಿನದೊಂದನ್ನು ದಬ್ಬಳದಕ್ಕ ತೆಗೆದುಕೊಟ್ಟಳು. ಕೆಂಪು ದಾರದ ಜೋಡಿಗಳ ಎದುರು ನಿಂತಾಗ ಕೈ ಏಳಲಿಲ್ಲ. ಮೇಷ್ಟ್ರನ್ನು ಕರೆಯಬೇಕು ಎಂದು ತಿರುಗಿದರೆ ಬಾಗಿಲಲ್ಲಿ ಕಡ್ಡಿ ನಿಂತಿದ್ದಳು.

ಕಡ್ಡಿ ಒಳಗೆ ಬಂದು, ಕೆಂಪು ದಾರದ ಜೋಡಿಗಳನ್ನೆಲ್ಲ ಮೊಳೆಗಳಿಂದ ಇಳಿಸಿ, ನೆಲದ ಮೇಲೆ ಕೂತಳು. ಅವನ್ನು ಮಡಿಲಿಗೆ ಎಳೆದುಕೊಂಡಳು. ಮೊದಲ ಗ್ಲೌಸಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು.

"ಅಷ್ಟು ಜೋರಾಗಿ ಬೇಡ," ಎಂದಳು ದಬ್ಬಳದಕ್ಕ. "ಒತ್ತಿ ಬಿಟ್ಬಿಡು. ಅದು ಎದ್ದು ಬರತ್ತಾ ನೋಡು. ಒಂದೊಂದು ಗೆಣ್ಣಿನ ಜಾಗಾನೂ ಬೇರೆ ಬೇರೆ."

ಕಡ್ಡಿ ಒತ್ತಿದಳು, ಬಿಟ್ಟಳು, ಒತ್ತಿದಳು. ಒಂದನ್ನು ಪಕ್ಕಕ್ಕೆಸೆದಳು. "ಇದು ಸತ್ತಿದೆ." ಮೇಷ್ಟ್ರು ಹಿಂದಿನ ದಿನವಷ್ಟೇ ಒತ್ತಿ ಸರಿ ಎಂದ ಜೋಡಿ ಅದು. ಇನ್ನೊಂದರ ಮೇಲೆ ಬಹಳ ಹೊತ್ತು ಬೆರಳಾಡಿಸಿದಳು. ಆಮೇಲೆ ಅದರೊಳಗೆ ಕೈ ತೂರಿಸಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು, ಎರಡು ಸಲ, ಮೆಲ್ಲಗಲ್ಲ. ಧಪ್, ಧಪ್.

"ಅತ್ತೆ," ಎಂದಳು. ಹನ್ನೊಂದು ದಿನಕ್ಕೆ ಮೊದಲ ಸಲ ಬಾಯಿಂದ ಆ ಮಾತು ಬಂದಿತ್ತು. "ಇದು ಬದುಕಿದೆ. ಎಲ್ಲಕ್ಕಿಂತ ಚೆನ್ನಾಗಿರೋದು ಇದೇ. ಇವಳಿಗೆ ಇದನ್ನ ಕೊಡು."

ಜೋಡಿಯ ಕೆಂಪು ದಾರ ಹಳತಾಗಿ ಮಾಸಿತ್ತು, ಹೊಸದು ಹಾಕಬೇಕಿತ್ತು. ದಬ್ಬಳದಕ್ಕ ಗ್ಲೌಸ್ ಕೈಗೆ ತೆಗೆದುಕೊಂಡಳು. ಮೂವತ್ತು ವರ್ಷದಲ್ಲಿ ತಾನು ಒತ್ತದ ಜೋಡಿಗೆ ಅವಳು ಕೆಂಪು ದಾರ ಹೊಲಿದದ್ದಿಲ್ಲ. ಅಭ್ಯಾಸದಂತೆ ಹೆಬ್ಬೆರಳು ಗೆಣ್ಣಿನ ಜಾಗದತ್ತ ಹೋಯಿತು, ಅಲ್ಲೇ ನಿಂತಿತು. ಅವಳು ಒತ್ತಲಿಲ್ಲ. ಬೆರಳನ್ನು ಹಿಂದೆ ತೆಗೆದು, ದಬ್ಬಳಕ್ಕೆ ಕೆಂಪು ದಾರ ಪೋಣಿಸಿ, ಹೊಲಿಯತೊಡಗಿದಳು.